ಹಣ ಕಡಿಮೆ, ಹಾಡಿನ ಆಸೆ ಜಾಸ್ತಿ: ನನ್ನದೇ ಡಿಜಿಟಲ್ ಸಂಗ್ರಹವನ್ನು ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಹಲವು ವರ್ಷಗಳಿಂದ ಸ್ಟ್ರೀಮಿಂಗ್‌ನಲ್ಲೇ ಹಾಡು ಕೇಳುತ್ತಿದ್ದೇನೆ. ಈಚೆಗೆ ನನ್ನ ಪ್ಲೇಲಿಸ್ಟ್‌ನಿಂದ ಒಂದೊಂದೇ ಹಾಡು ಮಾಯವಾಗುತ್ತಿದೆ. ನನ್ನದೇ ಒಂದು ಸಂಗ್ರಹ ಮಾಡಿಕೊಳ್ಳೋಣ ಅನ್ನಿಸಿದೆ. ಮನೆಯಲ್ಲಿ ಒಂದು ಪೆಟ್ಟಿಗೆ ತುಂಬ ಹಳೆ ಸಿಡಿ ಇವೆ, ಒಂದಷ್ಟು ಕ್ಯಾಸೆಟ್ ಇವೆ, ಹಾರ್ಡ್ ಡಿಸ್ಕ್‌ನಲ್ಲಿ ಕಾಲೇಜು ದಿನಗಳ ಎಂಪಿ3 ರಾಶಿ ಇದೆ. ಖರ್ಚು ಮಾಡಲು ಜಾಸ್ತಿ ಹಣವಿಲ್ಲ. ಎಂಪಿ3 ಸಾಕಾ, ಏನೂ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ಬೇಕಾ? ದುಬಾರಿ ಡ್ಯಾಕ್, ಹೈ-ರೆಸ್ ಫೈಲ್ ಇಲ್ಲದೆ ಹೋದರೆ ಇದೆಲ್ಲ ದಂಡವಾ?

ಉತ್ತರ: ಸಿಡಿ ಪೆಟ್ಟಿಗೆಯಿಂದ ಶುರು ಮಾಡಿ. ಡ್ಯಾಕ್, ಅಂದರೆ ಡಿಜಿಟಲ್ ಫೈಲನ್ನು ಕೇಳುವ ಸದ್ದಾಗಿ ಬದಲಿಸುವ ಪೆಟ್ಟಿಗೆ, ಸದ್ಯಕ್ಕೆ ಬೇಡ. ಹೈ-ರೆಸ್, ಅಂದರೆ ಸಿಡಿಗಿಂತ ಹೆಚ್ಚು ಮಾಹಿತಿ ತುಂಬಿದ ಫೈಲ್, ಬಹುಶಃ ಯಾವತ್ತಿಗೂ ಬೇಡ. ಮೊದಲ ಖರ್ಚು ಅಂತ ಮಾಡುವುದಾದರೆ ಇನ್ನೊಂದು ಹಾರ್ಡ್ ಡಿಸ್ಕ್ ತನ್ನಿ, ಅದೂ ಹಾಡು ಇಡಲು ಅಲ್ಲ, ಇಟ್ಟ ಹಾಡಿನ ನಕಲು ಇಡಲು.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಈ ಹವ್ಯಾಸದಲ್ಲಿ ಹಣ ಪೋಲಾಗುವುದು ಹಾಡು ಕೊಳ್ಳುವುದರಲ್ಲಿ ಅಲ್ಲ, ಒಂದೇ ಕೆಲಸವನ್ನು ಎರಡೆರಡು ಸಲ ಮಾಡುವುದರಲ್ಲಿ. ಮೊದಲು ಸಿಡಿಯನ್ನು 128 ಕೆಬಿಪಿಎಸ್ (ಸೆಕೆಂಡಿಗೆ 128 ಸಾವಿರ ಬಿಟ್) ಎಂಪಿ3ಗೆ ಇಳಿಸಿಕೊಳ್ಳುತ್ತಾರೆ. ಕೆಲವು ವರ್ಷ ಬಿಟ್ಟು ಅದು ಸಾಲದು ಅನ್ನಿಸಿ 320ಕ್ಕೆ ಮತ್ತೆ ಇಳಿಸುತ್ತಾರೆ, ಆಮೇಲೆ ಯಾರೋ ಫ್ಲ್ಯಾಕ್ ಅಂದರು ಅಂತ ಮೂರನೇ ಸಲ ಕೂರುತ್ತಾರೆ, ಅಷ್ಟರಲ್ಲಿ ಡಿಸ್ಕ್ ಕೈಕೊಟ್ಟು ಎಲ್ಲ ಮೊದಲಿಂದ. ಸಿಡಿಯನ್ನು ಅಷ್ಟರೊಳಗೆ ಮಾರಿಬಿಟ್ಟಿದ್ದರೆ ಅದನ್ನೂ ಮತ್ತೆ ಕೊಳ್ಳಬೇಕು. ಒಂದೇ ಸಲ ಸರಿಯಾಗಿ ಮಾಡಿದರೆ ಖರ್ಚು ತಾನಾಗಿ ತಗ್ಗುತ್ತದೆ. ಮುಂದೆ ಹೇಳುವುದೆಲ್ಲ ಇದರ ಸುತ್ತಲೇ.

ಮೊದಲು ಎಂಪಿ3ನಾ ಫ್ಲ್ಯಾಕಾ ಅನ್ನುವ ವಿಷಯ. ಸಿಡಿಯಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಅಳತೆ), ಪ್ರತಿ ಸ್ಯಾಂಪಲ್‌ಗೆ 16 ಬಿಟ್, ಎಡ ಬಲ ಎರಡು ಚಾನೆಲ್. ಒಟ್ಟು 1,411 ಕೆಬಿಪಿಎಸ್. ಒಂದು ಗಂಟೆ ಸಂಗೀತ ಅಂದರೆ ಸುಮಾರು 635 ಎಂಬಿ. ಫ್ಲ್ಯಾಕ್ ಇದನ್ನು ಹೆಚ್ಚುಕಡಿಮೆ ಅರ್ಧದಿಂದ ಮೂರನೇ ಎರಡು ಭಾಗಕ್ಕೆ ಇಳಿಸುತ್ತದೆ, ಬಿಚ್ಚಿದಾಗ ಒಂದು ಬಿಟ್ಟೂ ಆಚೀಚೆ ಆಗಿರುವುದಿಲ್ಲ. ಒಂದೇ ಕೊಳಲಿನ ಆಲ್ಬಂ ಚೆನ್ನಾಗಿ ಕುಗ್ಗುತ್ತದೆ, ಉದ್ದಕ್ಕೂ ಅಬ್ಬರಿಸುವ ರಾಕ್ ಅಷ್ಟಾಗಿ ಕುಗ್ಗುವುದಿಲ್ಲ. 2001ರಲ್ಲಿ ಹೊರಬಂದ ಉಚಿತ, ಮುಕ್ತ ತಂತ್ರಜ್ಞಾನ ಇದು. ಯಾವ ಕಂಪನಿ ಮುಚ್ಚಿದರೂ ನಿಮ್ಮ ಫೈಲ್ ತೆರೆಯುತ್ತದೆ.

ಎಂಪಿ3 ಹಾಗಲ್ಲ. ಕಿವಿಗೆ ಗೊತ್ತಾಗದ್ದು ಯಾವುದು ಅಂತ ಲೆಕ್ಕ ಹಾಕಿ ಅದನ್ನು ಬಿಸಾಡುತ್ತದೆ. ಬಿಸಾಡಿದ್ದು ವಾಪಸ್ ಬರುವುದಿಲ್ಲ. ಹಾಗಂತ ಎಂಪಿ3 ಕೆಟ್ಟದ್ದು ಅಂತಲ್ಲ. ಎಂಪಿ3 ತಯಾರಿಸುವ ಲೇಮ್ ಅನ್ನುವ ಎನ್‌ಕೋಡರ್‌ನಲ್ಲಿ ಅತಿ ಮೇಲ್ಮಟ್ಟದ ವಿ0 ಸೆಟ್ಟಿಂಗ್ ಇಟ್ಟು ಮಾಡಿದ ಎಂಪಿ3ಯನ್ನು ಮೂಲ ಸಿಡಿಯಿಂದ ಬೇರೆ ಮಾಡಿ ಗುರುತಿಸಲು ಬಹುಪಾಲು ಜನರಿಗೆ ಆಗುವುದಿಲ್ಲ. ನಂಬಿಕೆ ಬರದಿದ್ದರೆ ಫೂಬಾರ್2000 ಪ್ಲೇಯರ್‌ಗೆ ಎಬಿಎಕ್ಸ್ ಅನ್ನುವ ಪುಟ್ಟ ಸೇರ್ಪಡೆ ಸಿಗುತ್ತದೆ, ಹಾಕಿಕೊಳ್ಳಿ. ಒಂದೇ ಹಾಡಿನ ಫ್ಲ್ಯಾಕ್ ಮತ್ತು ಎಂಪಿ3 ಎರಡನ್ನೂ ಹೆಸರು ಮುಚ್ಚಿಟ್ಟು ಕೇಳಿಸಿ ಯಾವುದು ಯಾವುದು ಅಂತ ಕೇಳುತ್ತದೆ. 16 ಸಲ ಹೇಳಿ. ಸುಮ್ನೆ ಊಹೆ ಹೊಡೆದರೆ 16ರಲ್ಲಿ 12 ಅಥವಾ ಅದಕ್ಕಿಂತ ಜಾಸ್ತಿ ಸರಿ ಬರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ, ಹಾಗಾಗಿ 12 ದಾಟಿದರೆ ನಿಮಗೆ ನಿಜವಾಗಿಯೂ ವ್ಯತ್ಯಾಸ ಕೇಳಿಸುತ್ತಿದೆ ಅಂತ ಒಪ್ಪಬಹುದು. ಈ ಪರೀಕ್ಷೆಗೆ ಕೂತ ಮೇಲೆ ಎಷ್ಟೋ ಜನ ಕೇಬಲ್, ಡ್ಯಾಕ್ ಅಂತ ಹುಡುಕುವುದನ್ನೇ ನಿಲ್ಲಿಸುತ್ತಾರೆ. ಒಂದು ಪೈಸೆ ಖರ್ಚಿಲ್ಲದ ಉಳಿತಾಯ ಅದು.

ಕಿವಿಗೆ ವ್ಯತ್ಯಾಸ ಕೇಳಿಸದಿದ್ದರೆ ಫ್ಲ್ಯಾಕ್ ಯಾಕೆ ಅಂತ ಕೇಳುತ್ತೀರಿ. ಮುಂದೆ ಬೇಕಾಗುತ್ತದೆ, ಅದಕ್ಕೆ. ಫ್ಲ್ಯಾಕ್ ಇದ್ದರೆ ಫೋನಿಗೆ ಬೇಕಾದ ಚಿಕ್ಕ ನಕಲನ್ನು ಯಾವತ್ತು ಬೇಕಾದರೂ ಮಾಡಿಕೊಳ್ಳಬಹುದು, ನಾಳೆ ಹೊಸ ಫಾರ್ಮ್ಯಾಟ್ ಬಂದರೆ ಅದಕ್ಕೂ ಮಾಡಬಹುದು. ಎಂಪಿ3 ಮಾತ್ರ ಇದ್ದು ಅದನ್ನೇ ಇನ್ನೊಂದು ಫಾರ್ಮ್ಯಾಟಿಗೆ ಬದಲಿಸಿದರೆ ಮೊದಲೇ ಕಳೆದದ್ದರ ಮೇಲೆ ಇನ್ನಷ್ಟು ಕಳೆಯುತ್ತದೆ. ಅದಕ್ಕೇ ಮೂಲ ಪ್ರತಿ ಫ್ಲ್ಯಾಕ್, ಓಡಾಡುವ ಪ್ರತಿ ಓಪಸ್ ಅಥವಾ ಎಂಪಿ3. ಓಪಸ್ ಕೂಡ ಎಂಪಿ3 ಥರ ಬಿಸಾಡಿ ಕುಗ್ಗಿಸುವ ಫಾರ್ಮ್ಯಾಟ್, 2012ರಲ್ಲಿ ಬಂದದ್ದು. ಫೋನಿಗೆ ನಾನು ಅದನ್ನೇ ಹೇಳುವುದು, 128 ಕೆಬಿಪಿಎಸ್‌ನಲ್ಲೇ ತುಂಬಾ ಚೆನ್ನಾಗಿರುತ್ತದೆ. ನಿಮ್ಮ ಹಳೆ ಕಾರಿನ ಪ್ಲೇಯರ್‌ಗೆ ಓಪಸ್ ಓದಲು ಬಾರದಿದ್ದರೆ ಎಂಪಿ3 ಇದ್ದೇ ಇದೆ. ಅದರ ಪೇಟೆಂಟ್ ಗಲಾಟೆ 2017ಕ್ಕೇ ಮುಗಿದಿದೆ, ಅದನ್ನು ಓದಲಾಗದ ಯಂತ್ರ ಸಿಗುವುದು ಕಷ್ಟ.

ಇನ್ನು ಹೈ-ರೆಸ್. ಸಿಡಿಯ ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ 44.1 ಕಿಲೋಹರ್ಟ್ಸ್‌ನಲ್ಲಿ 22 ಕಿಲೋಹರ್ಟ್ಸ್‌ವರೆಗಿನ ಸದ್ದು ಪೂರ್ತಿ ಹಿಡಿಯಬಹುದು. ಎಳೆಯರ ಕಿವಿಗೂ 20ರ ಆಚೆ ಕೇಳುವುದಿಲ್ಲ, ವಯಸ್ಸಾದ ಹಾಗೆ ಇನ್ನೂ ಇಳಿಯುತ್ತದೆ. 24 ಬಿಟ್, 96 ಕಿಲೋಹರ್ಟ್ಸ್ ಫೈಲ್ ಕುಗ್ಗಿಸುವ ಮೊದಲು 4,608 ಕೆಬಿಪಿಎಸ್, ಅಂದರೆ ಸಿಡಿಯ ಮೂರು ಪಟ್ಟಿಗೂ ಜಾಸ್ತಿ ಜಾಗ, ಮೇಲೆ ಬೆಲೆಯೂ ಜಾಸ್ತಿ. ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡುವವರಿಗೆ 24 ಬಿಟ್ ಬೇಕು, ಕೇಳುವವರಿಗೆ ಬೇಡ.

ಆದರೂ ಹೈ-ರೆಸ್ ಕೊಂಡವರು ಇದು ಬೇರೆ ಥರ ಕೇಳಿಸುತ್ತದೆ ಅಂತ ಆಣೆ ಮಾಡುತ್ತಾರಲ್ಲ, ಅವರು ಸುಳ್ಳು ಹೇಳುತ್ತಿಲ್ಲ. ಎಷ್ಟೋ ಸಲ ಅದು ಬೇರೆ ಮಾಸ್ಟರಿಂಗ್, ಅಂದರೆ ಹೊರತರುವ ಮುಂಚೆ ಸದ್ದನ್ನು ಕೊನೆಯದಾಗಿ ಹದ ಮಾಡಿದ ರೀತಿಯೇ ಬೇರೆ. ವಿಷಯ ಇರುವುದು ಇಲ್ಲಿ. 1990ರ ದಶಕದಿಂದೀಚೆಗೆ ಹಾಡುಗಳನ್ನು ಆದಷ್ಟು ಜೋರಾಗಿ ಕೇಳಿಸುವ ಪೈಪೋಟಿ ಶುರುವಾಯಿತು. ಸಣ್ಣ ಸದ್ದನ್ನು ಮೇಲೆತ್ತಿ, ದೊಡ್ಡ ಸದ್ದನ್ನು ತಟ್ಟಿ ಮಟ್ಟ ಮಾಡಿ, ಎಲ್ಲ ಒಂದೇ ಎತ್ತರಕ್ಕೆ ತಂದು ನಿಲ್ಲಿಸಿದರು. ಇಂಥ ಫೈಲನ್ನು ಆಡಾಸಿಟಿ ಅನ್ನುವ, ಸದ್ದು ತಿದ್ದುವ ತಂತ್ರಾಂಶದಲ್ಲಿ ತೆರೆದರೆ ಅಲೆಗಳೇ ಇರುವುದಿಲ್ಲ, ಇಟ್ಟಿಗೆ ಜೋಡಿಸಿದ ಗೋಡೆ ಕಾಣುತ್ತದೆ. ಹಳೆ ಆಲ್ಬಂಗಳನ್ನು ರಿಮಾಸ್ಟರ್ ಮಾಡುವಾಗಲೂ ಇದೇ ಕಥೆ. ಹಾಗಾಗಿ 1980ರ ದಶಕದ ಸೆಕೆಂಡ್ ಹ್ಯಾಂಡ್ ಸಿಡಿ, ಅದೇ ಆಲ್ಬಂನ ಹೊಸ ದುಬಾರಿ ಹೈ-ರೆಸ್ ಫೈಲಿಗಿಂತ ಉಸಿರಾಡುವ ಹಾಗೆ ಕೇಳಿಸುವುದುಂಟು. ಯಾವಾಗಲೂ ಅಲ್ಲ, ಆರಂಭದ ಕೆಲವು ಸಿಡಿಗಳು ಸಪ್ಪೆಯಾಗಿಯೂ ಇವೆ. ಆದರೆ ಕೊಳ್ಳುವ ಮುಂಚೆ ಯಾವ ವರ್ಷದ ಮುದ್ರಣ ಅಂತ ನೋಡುವುದು 24 ಬಿಟ್ಟಾ 16 ಬಿಟ್ಟಾ ಅಂತ ನೋಡುವುದಕ್ಕಿಂತ ಎಷ್ಟೋ ಮುಖ್ಯ. ಡಿಸ್ಕಾಗ್ಸ್ ತಾಣದಲ್ಲಿ ಒಂದೊಂದು ಆಲ್ಬಂನ ಹತ್ತಾರು ಮುದ್ರಣಗಳ ವಿವರ ಸಿಗುತ್ತದೆ, ಕ್ಯಾಟಲಾಗ್ ಸಂಖ್ಯೆ ಹಾಕಿ ಹುಡುಕಿ.

ಈಗ ನಿಮ್ಮ ಪೆಟ್ಟಿಗೆಗೆ ಬರೋಣ. ಲ್ಯಾಪ್‌ಟಾಪ್‌ನಲ್ಲಿ ಸಿಡಿ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಹಳೆ ಡಿವಿಡಿ ಡ್ರೈವ್ ಸಾಕು, ಹೊಸದೇ ಬೇಕಾಗಿಲ್ಲ. ತಂತ್ರಾಂಶ: ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ ಅಥವಾ ಕ್ಯೂರಿಪರ್, ಮ್ಯಾಕ್‌ನಲ್ಲಿ ಎಕ್ಸ್‌ಎಲ್‌ಡಿ, ಲಿನಕ್ಸ್‌ನಲ್ಲಿ ವಿಪರ್. ನಾಲ್ಕೂ ಉಚಿತ.

ಸಾಧಾರಣ ಪ್ಲೇಯರ್‌ನಲ್ಲೇ ರಿಪ್ ಮಾಡುವ (ಸಿಡಿಯ ಹಾಡನ್ನು ಫೈಲ್ ಆಗಿ ಇಳಿಸಿಕೊಳ್ಳುವ) ಗುಂಡಿ ಇದೆಯಲ್ಲ, ಇದೆಲ್ಲ ಯಾಕೆ ಅಂದರೆ ಕಾರಣ ಇದೆ. ಆಡಿಯೋ ಸಿಡಿ ಓದುವಾಗ ಒಂದು ಜಾಗ ಓದಲು ಬಾರದಿದ್ದರೆ ಡ್ರೈವ್ ನಿಲ್ಲುವುದಿಲ್ಲ, ಹಿಂದಿನ ಮುಂದಿನ ಸ್ಯಾಂಪಲ್ ನೋಡಿ ಅಂದಾಜಿನಲ್ಲಿ ತುಂಬಿ ಮುಂದೆ ಹೋಗುತ್ತದೆ. ನಿಮಗೆ ಗೊತ್ತೇ ಆಗುವುದಿಲ್ಲ, ಎಷ್ಟೋ ದಿನದ ಮೇಲೆ ಹೆಡ್‌ಫೋನ್‌ನಲ್ಲಿ ಟಿಕ್ ಅಂತ ಕೇಳಿದಾಗ ಗೊತ್ತಾಗುತ್ತದೆ. ನಾನು ಹೇಳಿದ ತಂತ್ರಾಂಶಗಳು ಅಕ್ಯುರೇಟ್‌ರಿಪ್ ಅನ್ನುವ ಡೇಟಾಬೇಸ್ ಜೊತೆ ತಾಳೆ ನೋಡುತ್ತವೆ. ಜಗತ್ತಿನ ಬೇರೆ ಬೇರೆ ಕಡೆ ಜನ ಇದೇ ಸಿಡಿಯನ್ನು ಬೇರೆ ಬೇರೆ ಡ್ರೈವ್‌ನಲ್ಲಿ ಓದಿಸಿರುತ್ತಾರೆ, ಆ ಓದಿನ ಚೆಕ್‌ಸಮ್ (ಓದಿದ ಮಾಹಿತಿಯಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಅಲ್ಲಿರುತ್ತದೆ. ನಿಮ್ಮದು ಅವರದ್ದಕ್ಕೆ ಕೂಡಿತು ಅಂದರೆ ಮುಗಿಯಿತು, ಈ ಸಿಡಿಯನ್ನು ನೀವು ಜನ್ಮದಲ್ಲಿ ಇನ್ನೊಂದು ಸಲ ರಿಪ್ ಮಾಡಬೇಕಾಗಿಲ್ಲ. ರಿಪ್ ಹೇಗಾಯಿತು ಅಂತ ತಂತ್ರಾಂಶ ಬರೆದಿಡುವ ಲಾಗ್ ಫೈಲನ್ನು ಆಲ್ಬಂ ಜೊತೆಗೇ ಇಟ್ಟುಬಿಡಿ.

ಕೂಡದೆ ಹೋದರೆ ಮೊದಲು ಡಿಸ್ಕ್ ಒರೆಸಿ. ಮೆತ್ತನೆ ಬಟ್ಟೆಯಲ್ಲಿ, ನಡುವಿನಿಂದ ಅಂಚಿಗೆ ನೇರವಾಗಿ. ಸುತ್ತ ತಿರುಗಿಸಿ ಒರೆಸಬೇಡಿ. ಹಾಡು ಬರೆದಿರುವುದು ಸುರುಳಿಯಾಗಿ, ಗೀರೂ ಅದೇ ದಿಕ್ಕಿನಲ್ಲಿ ಬಿದ್ದರೆ ಒಂದೇ ಕಡೆ ಉದ್ದಕ್ಕೂ ಮಾಹಿತಿ ಹೋಗುತ್ತದೆ. ಅಡ್ಡ ಗೀರಾದರೆ ಪ್ರತಿ ಸುತ್ತಿಗೆ ಒಂಚೂರು ಮಾತ್ರ. ಸಿಡಿಯ ದೋಷ ತಿದ್ದುವ ವ್ಯವಸ್ಥೆ ಟ್ರ್ಯಾಕ್ ಉದ್ದಕ್ಕೆ ಸುಮಾರು 2.5 ಮಿಲಿಮೀಟರ್ ಹೋದರೂ ಪೂರ್ತಿ ಸರಿಪಡಿಸಬಲ್ಲದು, ಅದರಾಚೆ ಊಹೆಯೇ ಗತಿ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ: ಹೊಳೆಯುವ ಕಡೆಗಿಂತ ಹೆಸರು ಅಚ್ಚಾದ ಕಡೆ ಗೀರು ಬಿದ್ದರೆ ಜಾಸ್ತಿ ಅಪಾಯ. ಹೊಳಪಿನ ಪದರ ಇರುವುದು ಅಲ್ಲೇ, ತೆಳು ಲ್ಯಾಕರ್‌ನ ಕೆಳಗೆ. ಕೆಳಗಿನ ಗೀರನ್ನು ಪಾಲಿಶ್ ಮಾಡಿಸಬಹುದು, ಮೇಲೆ ಪದರ ಕಿತ್ತುಬಂದರೆ ಏನೂ ಮಾಡಲಾಗದು. ಒರೆಸಿದ ಮೇಲೂ ಕೂಡದಿದ್ದರೆ ಇನ್ನೊಂದು ಡ್ರೈವ್‌ನಲ್ಲಿ ಹಾಕಿ ನೋಡಿ. ಒಂದು ಓದದ್ದನ್ನು ಇನ್ನೊಂದು ಸಲೀಸಾಗಿ ಓದುವುದು ಮಾಮೂಲು.

ರಿಪ್ ಆಯಿತು ಅಂತ ಸಿಡಿ ಮಾರಬೇಡಿ. ಅದು ನಿಮ್ಮ ಬ್ಯಾಕಪ್, ನೀವು ಹಣ ಕೊಟ್ಟು ಕೊಂಡದ್ದಕ್ಕೆ ಸಾಕ್ಷಿ ಕೂಡ. ಸ್ವಂತ ಸಿಡಿಯನ್ನು ಸ್ವಂತಕ್ಕೆ ನಕಲು ಮಾಡಿಕೊಳ್ಳುವುದರ ಬಗ್ಗೆ ಕಾನೂನು ಎಲ್ಲ ದೇಶದಲ್ಲೂ ಒಂದೇ ಥರ ಇಲ್ಲ. ಬ್ರಿಟನ್ನಿನಲ್ಲಿ 2014ರಲ್ಲಿ ಅದಕ್ಕೆ ಅನುಮತಿ ಕೊಟ್ಟು 2015ರಲ್ಲಿ ಕೋರ್ಟ್ ರದ್ದು ಮಾಡಿತು. ನಿಮ್ಮಲ್ಲಿ ಹೇಗಿದೆ ನೋಡಿಕೊಳ್ಳಿ. ಸ್ನೇಹಿತರಿಂದ ಎರವಲು ತಂದ ಸಿಡಿ ಮಾತ್ರ ಯಾವ ಲೆಕ್ಕದಲ್ಲೂ ನಿಮ್ಮದಾಗುವುದಿಲ್ಲ.

ಹೊಸದಾಗಿ ಸೇರಿಸಲು ಅತಿ ಅಗ್ಗದ ದಾರಿಯೂ ಸಿಡಿಯೇ, ಸೆಕೆಂಡ್ ಹ್ಯಾಂಡ್ ಸಿಡಿ. ಜನ ಮನೆ ಖಾಲಿ ಮಾಡುವಾಗ ಗಂಟು ಕಟ್ಟಿ ಕೊಡುತ್ತಾರೆ. ಗ್ರಾಮಫೋನ್ ತಟ್ಟೆ ಮತ್ತೆ ಫ್ಯಾಷನ್ ಆಗಿ ಬೆಲೆ ಏರಿತು, ಸಿಡಿಗೆ ಆ ಭಾಗ್ಯ ಅಷ್ಟಾಗಿ ಬರಲಿಲ್ಲ, ನಮಗೆ ಒಳ್ಳೆಯದೇ ಆಯಿತು ಅಲ್ವಾ? ಕೊಳ್ಳುವ ಮುಂಚೆ ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿ. ಸೂಜಿ ಚುಚ್ಚಿದಂಥ ತೂತು ಕಂಡರೆ ಬೇಡ. ಅಂಚು ಕಂದು ಬಣ್ಣಕ್ಕೆ ತಿರುಗಿದ್ದರೂ ಬೇಡ. 1980ರ ದಶಕದ ಕೊನೆ, 90ರ ದಶಕದ ಶುರುವಿನಲ್ಲಿ ಬ್ರಿಟನ್ನಿನಲ್ಲಿ ಅಚ್ಚಾದ ಕೆಲವು ಸಿಡಿಗಳಿಗೆ ಈ ರೋಗ ಇದೆ. ಮೇಲ್ಮೈಯ ಸಣ್ಣಪುಟ್ಟ ಗೀರಿಗೆ ಹೆದರಬೇಡಿ, ಅದರ ನೆಪದಲ್ಲಿ ಚೌಕಾಸಿ ಮಾಡಿ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಜಾಝ್ ಇಷ್ಟವಾದರೆ ದೊಡ್ಡ ಬಾಕ್ಸ್ ಸೆಟ್‌ಗಳ ಮೇಲೆ ಕಣ್ಣಿಡಿ. ಬಿಡಿಯಾಗಿ ಕೊಂಡರೆ ಬೀಳುವ ಬೆಲೆಗೂ ಹತ್ತಿಪ್ಪತ್ತು ಡಿಸ್ಕಿನ ಸೆಟ್ಟಿನಲ್ಲಿ ಒಂದೊಂದಕ್ಕೆ ಬೀಳುವ ಬೆಲೆಗೂ ಅಜಗಜಾಂತರ.

ಫೈಲನ್ನೇ ಕೊಳ್ಳುವುದಾದರೆ ನನ್ನ ಮೊದಲ ಆಯ್ಕೆ ಬ್ಯಾಂಡ್‌ಕ್ಯಾಂಪ್. ಫ್ಲ್ಯಾಕ್, ಎಂಪಿ3, ಏನು ಬೇಕೋ ಆ ರೂಪದಲ್ಲಿ ಇಳಿಸಿಕೊಳ್ಳಬಹುದು, ನಕಲು ತಡೆಯುವ ಬೀಗ ಇಲ್ಲ. ನಿಮಗೆ ತೋಚಿದಷ್ಟು ಕೊಡಿ ಅನ್ನುವ ಆಲ್ಬಂಗಳೂ ಅಲ್ಲಿ ಬೇಕಾದಷ್ಟಿವೆ. 2020ರ ಮಾರ್ಚ್‌ನಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಶುಕ್ರವಾರಗಳಲ್ಲಿ (ಮೊದಲೇ ಗೊತ್ತು ಮಾಡಿದ ಕೆಲವು ಶುಕ್ರವಾರ ಮಾತ್ರ) ಕಂಪನಿ ತನ್ನ ಪಾಲು ಬಿಟ್ಟುಕೊಡುತ್ತದೆ, ನೀವು ಕೊಟ್ಟ ಅಷ್ಟೇ ಹಣದಲ್ಲಿ ಕಲಾವಿದರಿಗೆ ಜಾಸ್ತಿ ಹೋಗುತ್ತದೆ. ಕೈಯಲ್ಲಿ ಹಣ ಕಡಿಮೆ ಇದ್ದಾಗ ಆ ದಿನಕ್ಕೆ ಪಟ್ಟಿ ಮಾಡಿ ಕಾಯುವುದು ಒಳ್ಳೆ ಅಭ್ಯಾಸ, ಕಾಯುವಷ್ಟರಲ್ಲಿ ಪಟ್ಟಿಯ ಅರ್ಧ ಹಾಡು ಬೇಡ ಅನ್ನಿಸಿರುತ್ತದೆ. ದೊಡ್ಡ ಕಂಪನಿಗಳ ಆಲ್ಬಂ ಬೇಕೆಂದರೆ ಕೋಬಝ್‌ನಲ್ಲಿ ಫ್ಲ್ಯಾಕ್ ಸಿಗುತ್ತದೆ, ಆದರೆ ಅದು ಎಲ್ಲ ದೇಶದಲ್ಲೂ ಇಲ್ಲ. ಐಟ್ಯೂನ್ಸ್ ಅಂಗಡಿಯ ಹಾಡುಗಳು 2009ರಿಂದ ಬೀಗವಿಲ್ಲದ 256 ಕೆಬಿಪಿಎಸ್ ಎಎಸಿ, ಅದೂ ಎಂಪಿ3 ಥರದ್ದೇ ಫಾರ್ಮ್ಯಾಟ್. ಬೇರೆಲ್ಲೂ ಸಿಗದ ಒಂದೆರಡು ಹಾಡಿಗೆ ಪರವಾಗಿಲ್ಲ.

ಎಲ್ಲಿಂದ ಕೊಂಡರೂ ಅದೇ ದಿನ ಇಳಿಸಿಕೊಳ್ಳಿ. ಖಾತೆಯಲ್ಲಿ ಇದೆಯಲ್ಲ, ಆಮೇಲೆ ನೋಡೋಣ ಅನ್ನಬೇಡಿ. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿದಾಗ ಕೊಂಡ ಹಾಡುಗಳನ್ನು ಗಡುವಿನೊಳಗೆ ಎತ್ತಿಕೊಂಡು ಹೋಗಿ ಅಂತ ಜನರಿಗೆ ಹೇಳಬೇಕಾಯಿತು. ಸ್ಟ್ರೀಮಿಂಗ್ ಆ್ಯಪ್‌ನಲ್ಲಿರುವ ಡೌನ್‌ಲೋಡ್ ಗುಂಡಿ ಇನ್ನೂ ಬೇರೆ ಕಥೆ, ಅದು ಚಂದಾ ಇರುವವರೆಗೆ ಮಾತ್ರ ಬಾಳುವ ಬೀಗ ಹಾಕಿದ ಫೈಲ್. ಅದನ್ನು ಸಂಗ್ರಹ ಅಂತ ಎಣಿಸಬೇಡಿ.

ಹಾಗಂತ ಸ್ಟ್ರೀಮಿಂಗ್ ಪೂರ್ತಿ ಬಿಡಿ ಅಂತಲೂ ಹೇಳುವುದಿಲ್ಲ. ಜಾಹೀರಾತು ಬರುವ ಉಚಿತ ಯೋಜನೆ ಇಟ್ಟುಕೊಳ್ಳಿ, ರುಚಿ ನೋಡಲು. ಒಂದು ಆಲ್ಬಂ ಪದೇ ಪದೇ ಕೇಳುತ್ತಿದ್ದೀರಿ ಅಂತ ಗೊತ್ತಾದ ಮೇಲೆ ಕೊಳ್ಳಿ. ಚಂದಾಕ್ಕೆ ಹೋಗುತ್ತಿದ್ದ ಹಣದಲ್ಲಿ ತಿಂಗಳಿಗೆ ಒಂದೋ ಎರಡೋ ಆಲ್ಬಂ ಬಂದರೂ ಕೆಲವೇ ವರ್ಷದಲ್ಲಿ ಒಳ್ಳೆ ಸಂಗ್ರಹ ಆಗುತ್ತದೆ.

ಹಣವೇ ಬೇಡದ, ಕಾನೂನುಬದ್ಧ ದಾರಿಗಳೂ ಇವೆ. ಇಂಟರ್ನೆಟ್ ಆರ್ಕೈವ್‌ನ ಲೈವ್ ಮ್ಯೂಸಿಕ್ ವಿಭಾಗದಲ್ಲಿ, ರೆಕಾರ್ಡ್ ಮಾಡಿಕೊಳ್ಳಲು ಅನುಮತಿ ಕೊಟ್ಟ ಬ್ಯಾಂಡ್‌ಗಳ ಸಂಗೀತ ಕಛೇರಿಗಳ ರೆಕಾರ್ಡಿಂಗ್ ರಾಶಿ ಬಿದ್ದಿವೆ, ಬಹಳಷ್ಟು ಫ್ಲ್ಯಾಕ್‌ನಲ್ಲೇ. ಅಲ್ಲೇ 78 ಆರ್‌ಪಿಎಂ ತಟ್ಟೆಗಳನ್ನು ಡಿಜಿಟಲ್ ಮಾಡಿದ ಸಂಗ್ರಹವೂ ಇದೆ. ಅಮೆರಿಕದಲ್ಲಿ 1922ರವರೆಗೆ ಹೊರಬಂದ ಧ್ವನಿಮುದ್ರಣಗಳೆಲ್ಲ 2022ರ ಜನವರಿ 1ರಂದು ಸಾರ್ವಜನಿಕ ಸ್ವತ್ತಾದವು. ಮ್ಯೂಸೋಪನ್, ಐಎಂಎಸ್‌ಎಲ್‌ಪಿ ತಾಣಗಳಲ್ಲಿ ಶಾಸ್ತ್ರೀಯ ಸಂಗೀತದ ಮುಕ್ತ ಧ್ವನಿಮುದ್ರಣ ಸಿಗುತ್ತವೆ. ಪಿಯಾನೋ ವಾದಕಿ ಕಿಮಿಕೊ ಇಶಿಝಾಕಾ 2012ರಲ್ಲಿ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ನುಡಿಸಿ ಎಲ್ಲ ಹಕ್ಕು ಬಿಟ್ಟುಕೊಟ್ಟರು. ಉಚಿತ ಅಂದರೆ ಕಳಪೆ ಅಂದುಕೊಂಡವರು ಒಮ್ಮೆ ಅದನ್ನು ಕೇಳಬೇಕು. ಹೊಸಬರ ಸಂಗೀತಕ್ಕೆ ಫ್ರೀ ಮ್ಯೂಸಿಕ್ ಆರ್ಕೈವ್, ಜಮೆಂಡೋ ಇವೆ. ಅಲ್ಲಿ ಜೊಳ್ಳು ಜಾಸ್ತಿ, ಹುಡುಕುವ ತಾಳ್ಮೆ ಬೇಕು.

ವಿಡಿಯೋ ತಾಣದಿಂದ ಹಾಡು ಎತ್ತಿ 320 ಎಂಪಿ3 ಮಾಡಿಕೊಡುತ್ತೇವೆ ಅನ್ನುವ ತಾಣಗಳ ಹತ್ತಿರ ಸುಳಿಯಬೇಡಿ. ನಿಯಮ, ಹಕ್ಕುಸ್ವಾಮ್ಯದ ಮಾತು ಒಂದು ಕಡೆ ಇರಲಿ, ಅಲ್ಲಿಯ ಆಡಿಯೋ ಸಾಮಾನ್ಯವಾಗಿ 128ರಿಂದ 160 ಕೆಬಿಪಿಎಸ್ ಆಸುಪಾಸಿನದು. ಅದನ್ನು 320 ಮಾಡಿದರೆ ಫೈಲ್ ದಪ್ಪ ಆಗುತ್ತದೆಯೇ ಹೊರತು ಹಾಡು ಸುಧಾರಿಸುವುದಿಲ್ಲ. ಮಸುಕಾದ ಫೋಟೋಗೆ ದೊಡ್ಡ ಚೌಕಟ್ಟು ಹಾಕಿಸಿದ ಹಾಗೆ.

ನಿಮ್ಮ ಕಾಲೇಜು ರಾಶಿಗೂ ಇದೇ ಮಾತು. ಅದನ್ನು ಫ್ಲ್ಯಾಕ್‌ಗೆ ಬದಲಿಸುವ ಹುಚ್ಚಿಗೆ ಬೀಳಬೇಡಿ. ಸ್ಪೆಕ್ ಅನ್ನುವ ಚಿಕ್ಕ ಉಚಿತ ತಂತ್ರಾಂಶದಲ್ಲಿ ಫೈಲ್ ಎಳೆದು ಹಾಕಿದರೆ ಯಾವ ಕಂಪನದ ಸದ್ದು ಎಷ್ಟಿದೆ ಅಂತ ತೋರಿಸುವ ಸ್ಪೆಕ್ಟ್ರಮ್ ಚಿತ್ರ ಬರುತ್ತದೆ. 128ರ ಎಂಪಿ3 ಆಗಿದ್ದರೆ ಸುಮಾರು 16 ಕಿಲೋಹರ್ಟ್ಸ್ ಹತ್ತಿರ ಕತ್ತರಿಸಿದ ಹಾಗೆ ಮೇಲೆಲ್ಲ ಕಪ್ಪು. ಹೆಸರು ಫ್ಲ್ಯಾಕ್ ಅಂತಿದ್ದು ಚಿತ್ರ ಹೀಗಿದ್ದರೆ ಯಾರೋ ಎಂಪಿ3ಗೆ ವೇಷ ಹಾಕಿಸಿದ್ದಾರೆ ಅನ್ನುವ ಅನುಮಾನ ಬರಬೇಕು. ಆದರೆ ಹಳೆ ರೆಕಾರ್ಡಿಂಗ್‌ಗಳಲ್ಲಿ ಮೇಲಿನ ಸದ್ದು ಮೂಲದಲ್ಲೇ ಇರುವುದಿಲ್ಲ, ಚಿತ್ರವೊಂದನ್ನೇ ನೋಡಿ ತೀರ್ಪು ಕೊಡಬೇಡಿ. ಆ ರಾಶಿಯನ್ನು ಬೇರೆ ಫೋಲ್ಡರ್‌ನಲ್ಲಿಡಿ. ಕೇಳುತ್ತಾ ಹೋಗಿ. ಯಾವುದನ್ನು ಮತ್ತೆ ಮತ್ತೆ ಹಾಕುತ್ತೀರೋ ಅದನ್ನು ಮಾತ್ರ ಒಳ್ಳೆ ಪ್ರತಿ ಕೊಂಡು ಬದಲಿಸಿ. ಉಳಿದದ್ದು ಬಿದ್ದಿರಲಿ ಬಿಡಿ.

ಟ್ಯಾಗ್ (ಫೈಲಿನೊಳಗೇ ಬರೆದಿಡುವ ಹಾಡು, ಗಾಯಕರು, ವರ್ಷದ ವಿವರ) ಮಾತ್ರ ದೊಡ್ಡ ರಾಮಾಯಣ. ಫೈಲ್ ಎಷ್ಟೇ ಚೆನ್ನಾಗಿರಲಿ, ಹುಡುಕಿದಾಗ ಸಿಗದಿದ್ದರೆ ಇದ್ದೂ ಇಲ್ಲದ ಹಾಗೆ. ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಹಾಕಿಕೊಳ್ಳಿ. ಹೆಸರೇ ಇಲ್ಲದ ಫೈಲ್ ಕೊಟ್ಟರೂ ಸದ್ದಿನ ಬೆರಳಚ್ಚು ತೆಗೆದು ಇದು ಇಂಥ ಹಾಡು ಅಂತ ಬಹಳ ಸಲ ಹೇಳಿಬಿಡುತ್ತದೆ. ಕೈಯಾರೆ ತಿದ್ದಲು ಎಂಪಿ3ಟ್ಯಾಗ್. ಹೆಸರು ಹಾಗಿದ್ದರೂ ಫ್ಲ್ಯಾಕ್‌ಗೂ ಆಗುತ್ತದೆ.

ಎಲ್ಲರೂ ಎಡವುವ ಜಾಗ ಒಂದಿದೆ, ಆಲ್ಬಂ ಆರ್ಟಿಸ್ಟ್ ಅನ್ನುವ ಖಾನೆ. ಒಂದು ಸಿನಿಮಾ ಆಲ್ಬಂ ತೆಗೆದುಕೊಳ್ಳಿ. ಆರು ಹಾಡು, ಐದು ಜನ ಗಾಯಕರು. ಆರ್ಟಿಸ್ಟ್ ಖಾನೆಯಲ್ಲಿ ಪ್ರತಿ ಹಾಡಿಗೂ ಗಾಯಕರ ಹೆಸರು ಸರಿಯಾಗಿದೆ, ಆಲ್ಬಂ ಆರ್ಟಿಸ್ಟ್ ಖಾಲಿ. ಪ್ಲೇಯರ್ ಏನು ಮಾಡುತ್ತದೆ? ಎಷ್ಟೋ ಪ್ಲೇಯರ್‌ಗಳು ಅದನ್ನು ಐದು ಬೇರೆ ಆಲ್ಬಂ ಅಂತ ತಿಳಿದು ಹರಿದು ಹಂಚಿ ತೋರಿಸುತ್ತವೆ. ಆಲ್ಬಂ ಆರ್ಟಿಸ್ಟ್ ಖಾನೆಯಲ್ಲಿ ಆರೂ ಹಾಡಿಗೆ ಸಂಗೀತ ನಿರ್ದೇಶಕರ ಒಂದೇ ಹೆಸರು ಹಾಕಿ, ಕಣ್ಣೆದುರೇ ಎಲ್ಲ ಒಂದಾಗುತ್ತವೆ. ಹೆಸರಿನ ಕಾಗುಣಿತವೂ ಹಾಗೆಯೇ: ಇನಿಶಿಯಲ್ ನಡುವೆ ಚುಕ್ಕೆ ಇದ್ದರೆ ಒಬ್ಬ ಗಾಯಕ, ಚುಕ್ಕೆ ಇಲ್ಲದಿದ್ದರೆ ಕಂಪ್ಯೂಟರ್ ಪಾಲಿಗೆ ಇನ್ನೊಬ್ಬ. ಹೆಸರುಗಳನ್ನು ಯಾವ ಲಿಪಿಯಲ್ಲಿ ಬರೆಯುತ್ತೀರಿ ಅಂತ ಮೊದಲೇ ತೀರ್ಮಾನ ಮಾಡಿ, ಆಮೇಲೆ ಬದಲಿಸಬೇಡಿ. ವರ್ಷದ ಖಾನೆಯಲ್ಲಿ ಮರುಮುದ್ರಣದ ವರ್ಷ ಅಲ್ಲ, ಹಾಡು ಮೊದಲು ಬಂದ ವರ್ಷ ಹಾಕಿ. ಮುಖಪುಟದ ಚಿತ್ರ ಸಾವಿರ ಪಿಕ್ಸೆಲ್ ಒಳಗಿದ್ದರೆ ಸಾಕು. ಫೋಲ್ಡರ್ ವಿಷಯದಲ್ಲಿ ಜಾಸ್ತಿ ಬುದ್ಧಿವಂತಿಕೆ ಬೇಡ: ಕಲಾವಿದರು, ಅದರೊಳಗೆ ವರ್ಷ ಮತ್ತು ಆಲ್ಬಂ, ಅದರೊಳಗೆ ಸಂಖ್ಯೆ ಹಾಕಿದ ಹಾಡುಗಳು. ಭಾವ, ಋತು, ಪ್ರಕಾರ ಅಂತ ಫೋಲ್ಡರ್ ಮಾಡಿದವರು ಆರು ತಿಂಗಳಲ್ಲಿ ತಾವೇ ಕಳೆದುಹೋಗುತ್ತಾರೆ. ಅದಕ್ಕೆಲ್ಲ ಪ್ಲೇಲಿಸ್ಟ್ ಇದೆ.

ದಿನಕ್ಕೆ ಎರಡು ಮೂರು ಆಲ್ಬಂಗಿಂತ ಜಾಸ್ತಿ ಮುಟ್ಟಬೇಡಿ. ಒಂದೇ ವಾರಾಂತ್ಯದಲ್ಲಿ ಎಲ್ಲ ಮುಗಿಸುತ್ತೇನೆ ಅಂತ ಹೊರಟವರ ಸಂಗ್ರಹ ನಾನು ನೋಡಿದ್ದೇನೆ, ಮೊದಲ ಐವತ್ತು ಆಲ್ಬಂ ಅಚ್ಚುಕಟ್ಟು, ಆಮೇಲೆಲ್ಲ ಟ್ರ್ಯಾಕ್ 01, ಟ್ರ್ಯಾಕ್ 02.

ಟ್ಯಾಗ್ ಮಾಡುವಾಗಲೇ ರೀಪ್ಲೇಗೇನ್ ಕೂಡ ಹಾಕಿಸಿ. ಒಂದು ಹಾಡು ಪಿಸುಗುಟ್ಟಿ ಮುಂದಿನದು ಕಿರುಚುವ ಕಾಟ ತಪ್ಪುತ್ತದೆ. ಅದು ಹಾಡನ್ನು ಬದಲಿಸುವುದಿಲ್ಲ, ಇಷ್ಟು ತಗ್ಗಿಸು ಅಂತ ಟ್ಯಾಗ್‌ನಲ್ಲಿ ಬರೆದಿಡುತ್ತದೆ ಅಷ್ಟೇ. ಬೇಡವೆಂದರೆ ಅಳಿಸಬಹುದು.

ಜಾಗದ ಲೆಕ್ಕ ಅಷ್ಟು ಭಯಂಕರವಲ್ಲ. ಆಲ್ಬಂಗೆ 300ರಿಂದ 400 ಎಂಬಿ ಹಿಡಿದರೂ 1 ಟಿಬಿ ಡಿಸ್ಕಿನಲ್ಲಿ ಎರಡೂವರೆ ಸಾವಿರ ಆಲ್ಬಂ ಹಿಡಿಸುತ್ತದೆ. ಫೋನಿನ 128 ಜಿಬಿ ಕಾರ್ಡಿನಲ್ಲಿ 128 ಕೆಬಿಪಿಎಸ್ ಓಪಸ್ ಹಾಕಿದರೆ 2,000 ಗಂಟೆಗೂ ಜಾಸ್ತಿ ಸಂಗೀತ. ಕಾರ್ಡ್ ಕೊಳ್ಳುವಾಗ ಹುಷಾರು. 16 ಜಿಬಿ ಕಾರ್ಡಿಗೆ 256 ಅಂತ ಚೀಟಿ ಅಂಟಿಸಿ ಮಾರುವವರಿದ್ದಾರೆ, ಕಂಪ್ಯೂಟರ್ ಕೂಡ 256 ಅಂತಲೇ ತೋರಿಸುತ್ತದೆ, ತುಂಬಿದ ಮೇಲೆ ಹಳೆ ಫೈಲ್‌ಗಳು ಹಾಳಾಗುತ್ತವೆ. ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ಅನ್ನುವ ಉಚಿತ ತಂತ್ರಾಂಶ ಕಾರ್ಡನ್ನು ಪೂರ್ತಿ ತುಂಬಿಸಿ, ಮತ್ತೆ ಓದಿ, ನಿಜ ಹೇಳುತ್ತದೆ. ತಂದ ದಿನವೇ ಓಡಿಸಿ.

ಬ್ಯಾಕಪ್‌ಗೆ ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನ, ಒಂದು ಮನೆಯಾಚೆ ಅನ್ನುವ ನಿಯಮ ಇದೆ. ಹಣ ಕಡಿಮೆ ಅಂದರೆ ಹೀಗೆ ಮಾಡಿ: ಒಂದು ಪ್ರತಿ ಕಂಪ್ಯೂಟರ್‌ನಲ್ಲಿ, ಒಂದು ಬಾಹ್ಯ ಡಿಸ್ಕಿನಲ್ಲಿ, ಮೂರನೆಯದಕ್ಕೆ ಸಂಬಂಧಿಕರ ಮನೆಯಲ್ಲಿ ಒಂದು ಹಳೆ ಡಿಸ್ಕ್ ಇಟ್ಟು ಹೋದಾಗಲೆಲ್ಲ ಹೊಸದನ್ನು ಸೇರಿಸಿ ಬನ್ನಿ. ಬಾಹ್ಯ ಡಿಸ್ಕನ್ನು ಸದಾ ಸಿಕ್ಕಿಸಿ ಇಡಬೇಡಿ. ಎರಡು ಕಡೆ ತಾನಾಗಿ ಸಿಂಕ್ ಆಗುವ ವ್ಯವಸ್ಥೆಯನ್ನು ಬ್ಯಾಕಪ್ ಅಂತ ನಂಬಬೇಡಿ. ಒಂದು ಕಡೆ ತಪ್ಪಿ ಅಳಿಸಿದರೆ ಇನ್ನೊಂದು ಕಡೆಯೂ ವಿಧೇಯತೆಯಿಂದ ಅಳಿಸಿಬಿಡುತ್ತದೆ. ಫ್ಲ್ಯಾಕ್‌ನ ಇನ್ನೊಂದು ಗುಣ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪ್ರತಿ ಫೈಲಿನೊಳಗೂ ಮೂಲ ಆಡಿಯೋದ ಎಂಡಿ5 ಚೆಕ್‌ಸಮ್ ಕೂತಿರುತ್ತದೆ, ವರ್ಷಕ್ಕೊಮ್ಮೆ ಎಲ್ಲವನ್ನೂ ಪರೀಕ್ಷೆಗೆ ಹಚ್ಚಿದರೆ ಯಾವುದು ಕೆಟ್ಟಿದೆ ಅಂತ ಬೆರಳಿಟ್ಟು ತೋರಿಸುತ್ತದೆ. ಎಂಪಿ3ಗೆ ಈ ಸೌಲಭ್ಯ ಇಲ್ಲ.

ಕೇಳಲು ವಿಂಡೋಸ್‌ನಲ್ಲಿ ಫೂಬಾರ್2000 ಅಥವಾ ಮ್ಯೂಸಿಕ್‌ಬೀ, ಲಿನಕ್ಸ್‌ನಲ್ಲಿ ಸ್ಟ್ರಾಬೆರಿ. ಹಳೆ ಲ್ಯಾಪ್‌ಟಾಪ್ ಒಂದು ಬಿಡುವಾಗಿದ್ದರೆ ಅದರಲ್ಲಿ ನ್ಯಾವಿಡ್ರೋಮ್ ಹಾಕಿ. ಮನೆಯೊಳಗೆ ನಿಮ್ಮದೇ ಸ್ಟ್ರೀಮಿಂಗ್ ಸೇವೆ ತಯಾರು, ಚಂದಾ ಇಲ್ಲ. ಡ್ಯಾಕ್ ವಿಷಯ ಇಷ್ಟೇ: ಫೋನಿಗೆ ಹೆಡ್‌ಫೋನ್ ತೂತು ಇಲ್ಲದಿದ್ದರೆ ಅಥವಾ ಲ್ಯಾಪ್‌ಟಾಪ್‌ನಲ್ಲಿ ಸುಯ್ ಅನ್ನುವ ಸದ್ದು ಕೇಳುತ್ತಿದ್ದರೆ ಬೆರಳುದ್ದದ ಅಗ್ಗದ ಡಾಂಗಲ್ ತನ್ನಿ. ಅದಕ್ಕಿಂತ ಮೇಲೆ ಖರ್ಚು ಮಾಡುವ ಹಣ ಇದ್ದರೆ ಹೆಡ್‌ಫೋನ್‌ಗೆ ಹಾಕಿ. ಸದ್ದಿನಲ್ಲಿ ಎದ್ದು ಕಾಣುವ ವ್ಯತ್ಯಾಸ ಬರುವುದು ಅಲ್ಲಿ.

ಕ್ಯಾಸೆಟ್ ಕೊನೆಗೆ ಇಟ್ಟುಕೊಳ್ಳಿ. ಅವುಗಳಲ್ಲಿ ಅಂಗಡಿಯಲ್ಲಿ ಕೊಂಡ ಆಲ್ಬಂ ಯಾವುದಿದ್ದರೂ ಮೊದಲು ಸಿಡಿ ಅಥವಾ ಡಿಜಿಟಲ್ ರೂಪದಲ್ಲಿ ಸಿಗುತ್ತದಾ ಹುಡುಕಿ. ಸಿಕ್ಕರೆ ಅದನ್ನೇ ಕೊಳ್ಳುವುದು ಅಗ್ಗ, ಯಾಕಂದರೆ ಅರವತ್ತು ನಿಮಿಷದ ಟೇಪಿಗೆ ಅರವತ್ತು ನಿಮಿಷ ಕೂರಲೇಬೇಕು, ಕತ್ತರಿಸಿ ಹೆಸರು ಹಾಕಲು ಮತ್ತಷ್ಟು. ಎಲ್ಲೂ ಸಿಗದ್ದು, ರೇಡಿಯೋದಿಂದ ಹಿಡಿದದ್ದು, ಮನೆಯವರು ಹಾಡಿದ್ದು, ಇವನ್ನು ಮಾತ್ರ ನೀವೇ ಮಾಡಬೇಕು. ಇದರಲ್ಲೊಂದು ಅಪವಾದ: ಮನೆಯವರ ದನಿ ಇರುವ ಟೇಪ್ ಇದ್ದರೆ ಸಿಡಿಗಳನ್ನೂ ಬಿಟ್ಟು ಅದನ್ನೇ ಮೊದಲು ಮಾಡಿ, ಅದರ ಇನ್ನೊಂದು ಪ್ರತಿ ಜಗತ್ತಿನಲ್ಲೆಲ್ಲೂ ಇಲ್ಲ.

ಕೆಲಸ ಮಾಡುವ ಕ್ಯಾಸೆಟ್ ಡೆಕ್ ಎರವಲು ಸಿಕ್ಕರೆ ಸಾಕು. ಟೇಪ್ ಓದುವ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಡೆಕ್‌ನ ಲೈನ್ ಔಟ್‌ನಿಂದ ಕಂಪ್ಯೂಟರ್‌ನ ಲೈನ್ ಇನ್‌ಗೆ ತಂತಿ ಹಾಕಿ, ಮೈಕ್ ತೂತಿಗೆ ಅಲ್ಲ. ಲ್ಯಾಪ್‌ಟಾಪ್‌ನಲ್ಲಿ ಲೈನ್ ಇನ್ ಇಲ್ಲದಿದ್ದರೆ ಸಣ್ಣ ಯುಎಸ್‌ಬಿ ಆಡಿಯೋ ಪೆಟ್ಟಿಗೆ ಬೇಕಾಗುತ್ತದೆ. ಆಡಾಸಿಟಿಯಲ್ಲಿ 24 ಬಿಟ್, 48 ಕಿಲೋಹರ್ಟ್ಸ್ ಇಟ್ಟು ಅತಿ ಜೋರಿನ ಭಾಗ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ಮಟ್ಟ ಹೊಂದಿಸಿ. ದನಿ ಮಂಕಾಗಿದ್ದರೆ ಟೇಪ್ ಹಾಳಾಗಿದೆ ಅಂತ ಕೈಚೆಲ್ಲಬೇಡಿ. ಹೆಡ್ಡಿನ ಪಕ್ಕ, ಅದರ ಓರೆ ಸರಿಪಡಿಸುವ ಅಜಿಮತ್ ಸ್ಕ್ರೂ ಅಂತ ಒಂದಿರುತ್ತದೆ, ಟೇಪ್ ಓಡುತ್ತಿರುವಾಗ ಅದನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ. ಮೋನೋದಲ್ಲಿ ಕೇಳುತ್ತಾ ಮಾಡಿದರೆ ಎಲ್ಲಿ ತಾಳದ ಸದ್ದು ಥಟ್ಟನೆ ತಿಳಿಯಾಗುತ್ತದೆ ಅಂತ ಸುಲಭವಾಗಿ ಗೊತ್ತಾಗುತ್ತದೆ. ಸುಯ್ ಅನ್ನುವ ಸದ್ದು ತೆಗೆಯುವ ಫಿಲ್ಟರ್ ಹಾಕುವುದಾದರೆ ನಕಲಿನ ಮೇಲೆ ಹಾಕಿ. ಟೇಪಿನಿಂದ ಬಂದದ್ದು ಬಂದ ಹಾಗೆ ಒಂದು ಫ್ಲ್ಯಾಕ್ ಆಗಿ ಉಳಿಯಲಿ, ಆ ಫಿಲ್ಟರ್‌ಗಳು ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿವೆ.